ಬೆಳಗಿನ ಬೋಣಿಗೆ ಒಂದಚ್ಚು ಬೆಲ್ಲ

ಕನಕಪುರದ ಬಸ್ ನಿಲ್ದಾಣದಲ್ಲಿ ಟೀ ಅಂಗಡಿಯ ಸ್ಟೌವ್ ಇನ್ನೂ ಹೊತ್ತಿಕೊಂಡಿಲ್ಲ. ಎದುರಿನ ‘ಮನೆತುಂಬ ಮಾರ್ಟ್’ನ ಶಟರ್ ಮಾತ್ರ ಗಡಗಡ ಅನ್ನುತ್ತ ಮೇಲೇಳುತ್ತಿದೆ. ಎತ್ತುತ್ತಿರುವವರು ಕಾಡಸಿದ್ದಪ್ಪ. ಹಣೆ ತುಂಬ ವಿಭೂತಿ, ಮೈಮೇಲೆ ಕಂಪನಿಯ ಹಸಿರು ಟೀ ಶರ್ಟು. ಬಾಗಿಲಿಗೆ ನೀರು ಹಾಕುತ್ತಾರೆ, ಹಾಲಿನ ಕ್ರೇಟು ಒಳಗಿಡುತ್ತಾರೆ, ಲೈಟು ಹಾಕುತ್ತಾರೆ. ಆಮೇಲೆ ಬಿಲ್ಲಿಂಗ್ ಕೌಂಟರಿನವರೆಗೆ ಹೋಗಿ, ಏನೋ ನೆನಪಾದವರ ಹಾಗೆ ಕೈ ಹಿಂದಕ್ಕೆ ಕಟ್ಟಿಕೊಂಡು ವಾಪಸ್ ಬರುತ್ತಾರೆ.

“ಇವತ್ತಿಂದ ನಾನು ಬೋಣಿ ಮಾಡಂಗಿಲ್ಲ ಸಾರ್. ಮಾಡಿದ್ರೆ ಕೆಲ್ಸ ಬುಟ್ಟು ಮನೇಗೋಗು ಅಂದವ್ರೆ” ಅನ್ನುತ್ತಾರೆ. ನಗಲು ನೋಡುತ್ತಾರೆ, ಆಗುವುದಿಲ್ಲ.

ಈ ಊರಲ್ಲಿ ಬೆಳೆದ ನನ್ನಂಥವರಿಗೆ ಕಾಡಸಿದ್ದಪ್ಪ ಅಂದರೆ ಪೇಟೆಬೀದಿಯ ದಿನಸಿ ಅಂಗಡಿ. ಹೈಸ್ಕೂಲಿಗೆ ಹೋಗುವಾಗ ಅಲ್ಲಿ ನಿಂತು ಕಡ್ಲೆಮಿಠಾಯಿ ತಿನ್ನದೆ ನಾವು ಮುಂದೆ ಹೋದವರಲ್ಲ. ಹುಣಸೆಹಣ್ಣು, ಬೆಲ್ಲ, ಹೊಸ ಗೋಣಿಚೀಲ ಎಲ್ಲ ಸೇರಿದ ಒಂದು ವಾಸನೆ. ತಲೆಯ ಮೇಲೆ ತೂಗುವ ದಾರದುಂಡೆ. ಅವರು ಪೇಪರಿನಲ್ಲಿ ಪೊಟ್ಟಣ ಕಟ್ಟಿ ದಾರವನ್ನು ಪಟ್ಟಂತ ಹರಿಯುವುದನ್ನು ನೋಡುವುದಕ್ಕೇ ನಾವು ನಿಲ್ಲುತ್ತಿದ್ದೆವು. ಅಯ್ಯೋ, ಆ ವಾಸನೆ ಈಗ ಊರಲ್ಲೆಲ್ಲೂ ಇಲ್ಲ.

ಅಲ್ಲಿ ಬೆಳಗಿನ ಮೊದಲ ವ್ಯಾಪಾರಕ್ಕೆ ಒಂದು ಶಾಸ್ತ್ರವಿತ್ತು. ಕೋಡಿಹಳ್ಳಿ ಕಡೆಯ ಫಸ್ಟ್ ಬಸ್ಸಿಗೆ ಸೊಪ್ಪಿನ ಕುಕ್ಕೆ ಹೊತ್ತು ಬರುವ ಶಿವಲಿಂಗಮ್ಮ ಬಂದು ಒಂದಚ್ಚು ಬೆಲ್ಲ ಕೊಳ್ಳಬೇಕು. ಚೌಕಾಸಿ ಇಲ್ಲ, ಸಾಲ ಇಲ್ಲ. ಆಕೆ ಕೊಟ್ಟ ಕಾಸನ್ನು ಕಣ್ಣಿಗೊತ್ತಿಕೊಂಡು ಗಲ್ಲಾಕ್ಕೆ ಹಾಕಿದ ಮೇಲೇ ಬೇರೆ ಗಿರಾಕಿಯ ಕಡೆ ತಿರುಗುತ್ತಿದ್ದರು. “ಅಕ್ಕನ ಕೈಗುಣ ಅಂಗೈತೆ. ಅವ್ರು ಬೋಣಿ ಮಾಡಿದ್ ದಿನ ನಿಲ್ಲಕ್ಕೂ ಪುರುಸೊತ್ತಿರ್ತಿರಲಿಲ್ಲ” ಎಂದು ಈಗಲೂ ಹೇಳುತ್ತಾರೆ.

ಆಮೇಲೆ ಕಂಪನಿ ಬಂತು. ಬೆಂಗಳೂರಿನಲ್ಲಿ ಜಾಗ ಸಾಲದೆ ತಾಲ್ಲೂಕುಗಳ ಕಡೆ ಹೊರಟ ದೊಡ್ಡ ಚಿಲ್ಲರೆ ಕಂಪನಿ ಅದು. ರಾಮನಗರ, ಚನ್ನಪಟ್ಟಣ ಆಗಿ ಕನಕಪುರಕ್ಕೆ ಬಂದಿದೆ, ಮುಂದಿನದು ಮಾಗಡಿಯಂತೆ. ಅದರ ಲೆಕ್ಕಾಚಾರ ಸುಲಭ. ಹೊಸ ಊರಲ್ಲಿ ಜಾಹೀರಾತಿಗೆ ಸುರಿಯುವ ಬದಲು ಆ ಊರಿನ ಹಳೇ ಅಂಗಡಿಯವರೊಬ್ಬರನ್ನು ಸಂಬಳ ಕೊಟ್ಟು ಬಾಗಿಲಲ್ಲಿ ನಿಲ್ಲಿಸುವುದು. “ನಾನು ಬಂದ್ರೆ ನನ್ನಿಂದೆ ಗಿರಾಕಿನೂ ಬತ್ತಾರೆ ಅಂತ ಅವ್ರ ಪ್ಲಾನು. ಗೊತ್ತಿದ್ದೇ ಬಂದೆ ಸಾರ್. ಅಂಗ್ಡಿ ನಡೀತಿರಲಿಲ್ಲ, ಕೂತು ನೊಣ ಹೊಡಿಯೋದು ಎಷ್ಟ್ ದಿನ?” ಅನ್ನುತ್ತಾರೆ. ಗಿರಾಕಿಗಳು ಬಂದರು ಕೂಡ. ಬಾರದವರು ಶಿವಲಿಂಗಮ್ಮ ಒಬ್ಬರೇ.

ಅದಕ್ಕೆ ಕಾರಣವಿದೆ. ಅಂಗಡಿ ಮುಚ್ಚುತ್ತೇನೆಂದು ಆಕೆಗೆ ಹೇಳಲು ಇವರಿಗೆ ಬಾಯಿ ಬರಲಿಲ್ಲ. ಆಕೆ ಎಂದಿನಂತೆ ಬೋಣಿಗೆ ಬಂದಾಗ ಬಾಗಿಲಿಗೆ ಬೀಗ ಬಿದ್ದಿತ್ತು. ಅವತ್ತು ಹೋದವರು ಮಾರ್ಟಿನ ಮುಂದೆಯೇ ಹಾದು ಹೋಗುತ್ತಾರೆ, ಈ ಕಡೆ ಮುಖ ತಿರುಗಿಸುವುದಿಲ್ಲ.

ಮಾರ್ಟ್ ಶುರುವಾದ ಹೊಸತರಲ್ಲಿ ಒಂದು ಬೆಳಿಗ್ಗೆ ಮೊದಲ ಗಿರಾಕಿ ಕೈಯಲ್ಲಿ ಕೆಟ್ಟ ಮಿಕ್ಸಿ ಹಿಡಿದು ಬಂದ. ದುಡ್ಡು ವಾಪಸ್ ಕೊಟ್ಟರು. “ಬೋಣಿಗೇ ಕೈಯಿಂದ ಕೊಡದಾ? ಶಿವಶಿವಾ, ಎದೆ ಝಲ್ ಅಂದೋಯ್ತು!” ಅನ್ನುತ್ತಾರೆ ಕಾಡಸಿದ್ದಪ್ಪ. ಮಾರನೆಯ ದಿನದಿಂದ ಬಾಗಿಲು ತೆಗೆದ ಕೂಡಲೇ ತಾವೇ ಒಂದು ಕರ್ಪೂರದ ಪೊಟ್ಟಣ ಕೊಂಡು, ಕಾಸನ್ನು ಕಣ್ಣಿಗೊತ್ತಿ ಕ್ಯಾಷಿಯರ್ ಕೈಗೆ ಕೊಟ್ಟು ಬಿಲ್ ಮಾಡಿಸತೊಡಗಿದರು. ಹಚ್ಚುವ ಹಾಗಿಲ್ಲ, ಹೊಗೆ ಕಂಡರೆ ಸೈರನ್ ಬಡಿದುಕೊಳ್ಳುತ್ತದೆ. ಮನೆಗೊಯ್ಯುತ್ತಾರೆ. “ಡಬ್ಬ ತುಂಬಿ ಈಗ ಟ್ರಂಕಿಗೆ ಹಾಕ್ತಿದೀನಿ” ಅನ್ನುತ್ತಾರೆ ಹೆಂಡತಿ ಗಿರಿಜಾಂಬ.

ಬೆಂಗಳೂರಿನ ಆಫೀಸಿನಲ್ಲಿ ಕೂತು ಶಾಖೆಗಳ ಬೆಳವಣಿಗೆ ಅಳೆಯುವ ರಕ್ಷಿತಾ ಅವರಿಗೆ ಇದು ಬೇರೆ ಥರ ಕಂಡಿದೆ. ದಿನಾ ಬೆಳಿಗ್ಗೆ ಅದೇ ನೌಕರ, ಅದೇ ಕರ್ಪೂರ. ಗಿರಾಕಿಗಳ ಸಂಖ್ಯೆ ಜಾಸ್ತಿ ತೋರಿಸಲು ಸುಳ್ಳು ಬಿಲ್ ಮಾಡುತ್ತಿದ್ದಾರೋ ಅಂತ ಅನುಮಾನ. ಫೋನಿನಲ್ಲಿ ಅವರು ಮುಚ್ಚುಮರೆ ಮಾಡುವುದಿಲ್ಲ: “ಬೋಣಿ ವಿಷಯ ಆಮೇಲೆ ಗೊತ್ತಾಯ್ತು, ನಂಗೂ ಬೇಜಾರಾಯ್ತು. ಆದರೆ ಬೇರೆ ಕಡೆ ನಿಜವಾಗಿಯೂ ಹಂಗೆ ಮೋಸ ಮಾಡಿದ್ದಾರೆ. ಕೆಲಸದ ಹೊತ್ತಲ್ಲಿ ಸ್ಟಾಫ್ ಕೊಳ್ಳಬಾರದು ಅನ್ನೋ ರೂಲ್ಸು ಒಬ್ಬರಿಗೆ ಸಡಿಲ ಮಾಡಕ್ಕಾಗಲ್ಲ.” ಅವರ ಮಾತೂ ಸರಿಯೇ. ಇಲ್ಲಿನ ಮ್ಯಾನೇಜರ್ ಉದಯಶಂಕರ್ ನಿನ್ನೆ ಕರೆದು ಕೊನೆಯ ಎಚ್ಚರಿಕೆ ಕೊಟ್ಟಿದ್ದಾರೆ.

ಹಾಗಾಗಿ ಇವತ್ತು ಕಾಡಸಿದ್ದಪ್ಪ ಬಾಗಿಲಲ್ಲೇ ಪೊರಕೆ ಆಡಿಸುತ್ತ ನಿಂತಿದ್ದಾರೆ. ಹಾಲು ತಗೊಳ್ಳುವವರು ಬರುವ ಹೊತ್ತು. “ಈಗಿನೋರು ಫೋನ್ ತೋರಿಸ್ತಾರೆ, ಅದು ಟುಂಯ್ ಅಂತದೆ. ಅದ್ನೇನ್ ಕಣ್ಣಿಗೊತ್ಕೊಳ್ಳನ?” ಅನ್ನುತ್ತ ಮತ್ತೆ ಮತ್ತೆ ರಸ್ತೆ ನೋಡುತ್ತಾರೆ. ಯಾರನ್ನು ಕಾಯುತ್ತಿದ್ದೀರಿ ಎಂದರೆ ಯಾರನ್ನೂ ಇಲ್ಲ ಅನ್ನುತ್ತಾರೆ.

ಕೋಡಿಹಳ್ಳಿ ಬಸ್ಸು ಬಂದು ನಿಲ್ಲುತ್ತದೆ. ಕುಕ್ಕೆ ಹೊತ್ತ ಒಬ್ಬ ಮುದುಕಿ ಇಳಿದು, ಮಾರ್ಕೆಟ್ ಕಡೆ ನಾಲ್ಕು ಹೆಜ್ಜೆ ಹೋಗಿ, ನಿಂತು, ಈ ಕಡೆ ತಿರುಗುತ್ತಾಳೆ. ಕಾಡಸಿದ್ದಪ್ಪನವರ ಕೈಯ ಪೊರಕೆ ಅಲ್ಲೇ ನಿಲ್ಲುತ್ತದೆ.

“ಏನ್ ಯಜಮಾನ್ರೇ, ಕಣ್ ಬುಟ್ಕಂಡು ನೋಡ್ತಿದೀರಿ? ನೆನ್ನೆ ನಿಮ್ಮನೇಗೆ ಸೊಪ್ ಕೊಡಕೋದಾಗ ಗಿರಿಜಮ್ಮೋರು ಎಲ್ಲ ಹೇಳುದ್ರು. ನಿಮ್ ಮ್ಯಾಲೆ ಸಿಟ್ಟೇನೋ ಹಂಗೇ ಐತೆ. ಬೋಣಿ ಇಲ್ದೆ ನಿಂತ್ಕಂಡವ್ರೆ ಅಂದ್ರೆ ಸುಮ್ಕಿರಕ್ಕಾಯ್ತದಾ? ಎಲ್ಲೈತೆ ಬೆಲ್ಲ?”

ತಾನೇ ತೆರೆದುಕೊಂಡ ಗಾಜಿನ ಬಾಗಿಲಿಗೆ “ಥೂ ನಿನ್ನ” ಎಂದು ಬೈದು ಶಿವಲಿಂಗಮ್ಮ ಒಳಗೆ ಬರುತ್ತಾರೆ. ಕಾಡಸಿದ್ದಪ್ಪ ಒಂದಚ್ಚು ಬೆಲ್ಲ ಆರಿಸಿ ಕೊಡುತ್ತಾರೆ. ಆಕೆ ಸೆರಗಿನ ಗಂಟು ಬಿಚ್ಚಿ ನೋಟು ತೆಗೆದು ಎಂದಿನಂತೆ ಇವರ ಕಡೆ ಚಾಚುತ್ತಾರೆ. ಇವರು ತಗೊಳ್ಳುವ ಹಾಗಿಲ್ಲ, ದುಡ್ಡು ಮುಟ್ಟಬೇಕಾದವಳು ಕ್ಯಾಷಿಯರ್ ಭಾನುಪ್ರಿಯ. “ಅಲ್ಲಿ ಕೊಡಕ್ಕಾ” ಎಂದು ಕೌಂಟರಿನ ಕಡೆ ಕೈ ತೋರಿಸಿ ಹಿಂದೆ ಸರಿಯುತ್ತಾರೆ.

ಭಾನುಪ್ರಿಯ ಬಿಲ್ ಮಾಡುತ್ತಾಳೆ, ನೋಟು ತಗೊಳ್ಳುತ್ತಾಳೆ. ಡ್ರಾಯರ್ ಎಳೆದವಳು ಕಾಡಸಿದ್ದಪ್ಪನವರ ಕಡೆ ಒಮ್ಮೆ ನೋಡಿ, ಆ ನೋಟನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಒಳಗಿಡುತ್ತಾಳೆ. ಯಾರೂ ಅವಳಿಗೆ ಹೇಳಿಕೊಟ್ಟಿಲ್ಲ, ದಿನಾ ನೋಡಿದ್ದಾಳೆ ಅಷ್ಟೆ.

ಕಾಡಸಿದ್ದಪ್ಪ ಹಸಿರು ತೋಳಿನಿಂದ ಕಣ್ಣೊರೆಸಿಕೊಂಡು ಪೊರಕೆ ಎತ್ತಿಕೊಳ್ಳುತ್ತಾರೆ.

“ಅಂಗ್ಡಿ ಯಾರ್ದಾರ ಆಗ್ಲಿ ಸಾರ್, ಬಾಗ್ಲು ತೆಗ್ಯೋನು ನಾನು. ಬೋಣಿ ಆಯ್ತು. ಒಸಿ ಜರುಗಿ, ಗಿರಾಕಿ ಬತ್ತಾವ್ರೆ.”