ಚೆಂಡು ಈ ಕಡೆಗೆ ಬಾರದಿರಲಿ

ನನಗೆ ಹೆದರಿಕೆ ಜಾಸ್ತಿ, ಮಕ್ಕಳೇ. ಕುಕ್ಕರ್ ಕೂಗಿದರೆ ಹೆದರುತ್ತೇನೆ, ಕೂಗದಿದ್ದರೆ ಇನ್ನೂ ಹೆದರುತ್ತೇನೆ. ನಿಮ್ಮ ದೊಡ್ಡಮ್ಮ ಕಾರು ಓಡಿಸುವಾಗ ಹಿಂದಿನ ಸೀಟಿನಲ್ಲಿ ಕೂತು ನಾನೂ ಕಾಲು ಒತ್ತಿ ಬ್ರೇಕ್ ಹಾಕುತ್ತಿರುತ್ತೇನೆ. ಇಂಥವಳ ಮೊಮ್ಮಗ ಸುಹಾಸ ಈ ಅಮೆರಿಕದವರ ಫುಟ್‌ಬಾಲ್ ಆಡುತ್ತಾನೆ. ಕಾಲಲ್ಲಿ ಒದೆಯುವ ಚೆಂಡಾಟವಾಗಿದ್ದರೆ ಹೇಗೋ ಸಹಿಸುತ್ತಿದ್ದೆ. ಇದರಲ್ಲಿ ಒಬ್ಬ ಚೆಂಡನ್ನು ಎದೆಗೆ ಅವುಚಿಕೊಂಡು ಓಡಬೇಕು, ಎದುರಾಳಿಗಳು ಅವನ ಮೇಲೆ ಬೀಳಬೇಕು. ನಮ್ಮ ಹುಡುಗ ಹಾಗೆ ಬೀಳುವವರಲ್ಲೊಬ್ಬ. ದೂರದ ಸ್ಕೋಕಿ ಊರಿನಲ್ಲಿರುವ ನೀವಿಬ್ಬರೂ ಸುಹಾಸಣ್ಣನ ಆಟವನ್ನು ಫೋಟೊದಲ್ಲಿ ಮಾತ್ರ ನೋಡಿದ್ದೀರಿ. ಫೋಟೊಗೆ ಸದ್ದಿಲ್ಲ. ಹೆಲ್ಮೆಟ್ಟಿಗೆ ಹೆಲ್ಮೆಟ್ಟು ತಾಗಿದರೆ ತೆಂಗಿನಕಾಯಿ ಒಡೆದ ಹಾಗೆ ಕೇಳುತ್ತದೆ. ಮೊದಲ ಸಲ ಅದನ್ನು ಕೇಳಿದ ಮೇಲೆ ಮನೆಯಲ್ಲಿ ಕಾಯಿ ಒಡೆಯುವ ಕೆಲಸವನ್ನು ನಿಮ್ಮ ದೊಡ್ಡಪ್ಪನಿಗೆ ಬಿಟ್ಟುಕೊಟ್ಟಿದ್ದೇನೆ.

ಹೆದರುವವರಿಗೆ ದೇವರು ಬಹಳ ಹತ್ತಿರ. ಈ ಸಲ ಆಟಗಳು ಶುರುವಾದಾಗ ಆಂಜನೇಯನ ಪಟದ ಮುಂದೆ ನಿಂತು ಹರಕೆ ಹೊತ್ತೆ: "ಚೆಂಡು ಹಿಡಿದು ಓಡುವ ಹುಡುಗ ನಮ್ಮ ಸುಹಾಸ ನಿಂತ ಕಡೆಗೆ ಬಾರದಿರಲಪ್ಪ. ನಿನಗೆ ವಡೆಹಾರ ಹಾಕುತ್ತೇನೆ." ಆಟ ನಿಲ್ಲಲಿ ಎಂದು ಕೇಳಲಿಲ್ಲ. ಅಷ್ಟು ಕೇಳಲು ನನಗೆ ಸಂಕೋಚ.

ಆಂಜನೇಯ ಮಾತು ಕೇಳಿದ. ಎದುರಾಳಿಗಳು ಸಂಜೆಯೆಲ್ಲ ಇನ್ನೊಂದು ಕಡೆಗೇ ಓಡಿದರು. ಓಡಿ ಓಡಿ ಗೆದ್ದೂಬಿಟ್ಟರು. ನೇಪರ್‌ವಿಲ್‌ನ ನಮ್ಮ ಮನೆಗೆ ಬರುವ ದಾರಿಯುದ್ದಕ್ಕೂ ಸುಹಾಸ ಕಿಟಕಿ ಕಡೆ ಮುಖ ಮಾಡಿ ಕೂತಿದ್ದ. "ದೇ ನೆವರ್ ರ‍್ಯಾನ್ ಅಟ್ ಮಿ, ಅಜ್ಜಿ. ಸುಮ್ನೆ ನಿಂತಿದ್ದೆ ನಾನು," ಎಂದ. ಅವನ ಮೈಮೇಲೆ ಒಂದು ಗೀರೂ ಇರಲಿಲ್ಲ, ಮುಖ ಮಾತ್ರ ನೋಡುವ ಹಾಗಿರಲಿಲ್ಲ. ಹರಕೆ ತೀರಿಸಲೇಬೇಕಲ್ಲ, ಮಾರನೆಯ ದಿನ ವಡೆ ಮಾಡಿದೆ. ತನ್ನ ದುಃಖಕ್ಕೆ ಸಂದ ವಡೆಗಳೆಂದು ತಿಳಿಯದೆ ಮಗು ಕೆಚಪ್ ಹಚ್ಚಿಕೊಂಡು ತಿಂದ.

ಮುಂದಿನ ವಾರ ಅವರ ಕೋಚ್ ಹೊಸ ಉಪಾಯ ಹೂಡಿದರು. ಅದನ್ನು ನನಗೆ ತೋರಿಸಲು ಸುಹಾಸ ನಾನು ಉಸಲಿಗೆಂದು ನೆನೆಸಿದ್ದ ಕಡಲೆಕಾಳನ್ನೂ ಡಬ್ಬದ ರಾಜ್ಮಾವನ್ನೂ ಅಡುಗೆಕಟ್ಟೆಯ ಮೇಲೆ ಸಾಲಾಗಿ ಜೋಡಿಸಿದ. ರಾಜ್ಮಾ ಎದುರಾಳಿಗಳು, ಕಡಲೆ ನಮ್ಮವರು, ಒಂದು ಬಾದಾಮಿ ಅವನು.

"ಓಡೋನು ಯಾವಾಗ್ಲೂ ಆ ಕಡೆ ಹೋಗ್ತಾನಲ್ವಾ? ಈ ಸಲ ಆ ಕಡೆ ಗ್ಯಾಪ್ ಎಲ್ಲಾ ನಮ್ಮೋರು ಮೊದ್ಲೇ ನುಗ್ಗಿ ಮುಚ್ಚಿಬಿಡ್ತಾರೆ. ದಟ್ಸ್ ದ ಬ್ಲಿಟ್ಸ್. ಅವನು ವಾಪಸ್ ತಿರುಗ್ಲೇಬೇಕು. ತಿರುಗಿದ್ರೆ ಒಂದೇ ದಾರಿ."

"ಆ ದಾರೀಲಿ ಯಾರಪ್ಪಾ ಇರ್ತಾರೆ?"

"ಮೀ!" ಎಂದು ಬಾದಾಮಿಯನ್ನು ಮುಂದೆ ತಳ್ಳಿದ.

ನನಗೆ ಅರ್ಥವಾಯಿತು, ಅದೇ ಕಷ್ಟ. ನಮ್ಮೂರ ಶಾಲೆಯ ಜಗಲಿಯ ಕಲ್ಲಿನ ಮೇಲೆ ಆಡು-ಹುಲಿಯಾಟದ ಗೆರೆಗಳಿದ್ದವು. ಆಡಿಗೆ ಹುಲಿಯನ್ನು ಕೊಲ್ಲುವ ಶಕ್ತಿಯಿಲ್ಲ. ಅದರ ದಾರಿಗಳನ್ನು ಒಂದೊಂದಾಗಿ ಮುಚ್ಚಿ ಕಟ್ಟಿಹಾಕಬೇಕು, ಅಷ್ಟೇ. ಆದರೆ ಮುಂದೆ ಹೋದ ಆಡಿನ ಬೆನ್ನ ಹಿಂದಿನ ಮನೆ ಖಾಲಿಯಿದ್ದರೆ ಹುಲಿ ಹಾರಿ ಅದನ್ನು ತಿಂದುಬಿಡುತ್ತದೆ. ನಾನು ಆಗಲೂ ಹೆದರುಪುಕ್ಕಲಿಯೇ, ಆಡುಗಳನ್ನು ಒಂದಕ್ಕೊಂದು ಅಂಟಿಸಿಯೇ ನಡೆಸುತ್ತಿದ್ದೆ. ಬಾದಾಮಿಯ ಹಿಂದೆ ಅಡುಗೆಕಟ್ಟೆ ಬರಿದಾಗಿತ್ತು.

"ನಿನ್ನ ಬೆನ್ನ ಹಿಂದೆ ಯಾರೋ?"

"ನೋಬಡಿ. ಅದಕ್ಕೇ ನಾನು ಮಿಸ್ ಮಾಡಬಾರ್ದು," ಎಂದು ನಕ್ಕು, ಬಾದಾಮಿಯನ್ನು ಬಾಯಿಗೆ ಹಾಕಿಕೊಂಡುಬಿಟ್ಟ.

ಶುಕ್ರವಾರ ಬೆಳಿಗ್ಗೆ ದೀಪ ಹಚ್ಚಿ ಎಷ್ಟು ಹೊತ್ತು ನಿಂತೆನೋ. ಹಳೆಯ ವರವನ್ನೇ ಕೇಳಿದರೆ ಹುಡುಗನ ಮುಖ ಮತ್ತೆ ಕಿಟಕಿಯ ಕಡೆ ತಿರುಗುತ್ತದೆ. ಹೊಸದನ್ನು ಕೇಳಿದರೆ ಹುಲಿಯನ್ನು ನಾನೇ ಕರೆದಂತೆ. ಮೊಮ್ಮಗನ ಮೇಲೆ ಬಂದು ಬೀಳಲಿ ಎಂದು ಯಾವ ಅಜ್ಜಿ ತಾನೆ ಕೇಳಿಯಾಳು? ಕೊನೆಗೆ, "ಬರಲಿ, ಅವನ ಕಡೆಗೇ ಬರಲಿ," ಎಂದೆ. ಆಂಜನೇಯನಿಗೆ ಕೇಳಿಸದಿದ್ದರೂ ಪರವಾಗಿಲ್ಲ ಅನ್ನುವಷ್ಟು ಮೆಲ್ಲಗೆ ಎಂದೆ.

ಕೇಳಿಸಿತ್ತು. ಆ ಸಂಜೆ ಕಂಬಳಿ ಹೊದ್ದು ಮೈದಾನದ ಪಕ್ಕದ ಮೆಟ್ಟಿಲ ಮೇಲೆ ಕೂತಿದ್ದೆ. ನಮ್ಮವರು ಆ ಕಡೆಯ ಸಂದುಗಳಿಗೆ ನುಗ್ಗಿದರು, ಕಡಲೆಕಾಳು ನುಗ್ಗಿದ ಹಾಗೆಯೇ. ಚೆಂಡು ಹಿಡಿದ ಹುಡುಗ ತಡವರಿಸಿ ಹಿಂದಕ್ಕೆ ತಿರುಗಿದ. ಬಾಗಿಲಿನಷ್ಟು ಅಗಲದ ಆಳು ಅವನು. ಎದುರಿಗೆ ನಮ್ಮ ಸುಹಾಸ ಒಬ್ಬನೇ. ನಾನು ಸೆರಗನ್ನು ಮುಖಕ್ಕೆ ಮುಚ್ಚಿಕೊಂಡೆ. ತೆಂಗಿನಕಾಯಿ ಸದ್ದು ಕೇಳಿತು.

"ಅಮ್ಮಾ, ಹಿಡಿದ! ಹಿಡಿದ! ನೋಡಮ್ಮಾ!" ನಿಮ್ಮ ದೊಡ್ಡಮ್ಮ ನನ್ನ ಭುಜ ಹಿಡಿದು ಕುಲುಕುತ್ತಿದ್ದಳು.

ಸೆರಗು ಸರಿಸಿದರೆ ಇಬ್ಬರೂ ನೆಲದ ಮೇಲಿದ್ದರು. ಸುಹಾಸ ಎದ್ದ. ನನಗೆ ಉಸಿರು ಬಂತು. ಆದರೆ ಆ ದೊಡ್ಡ ಹುಡುಗ ಏಳಲಿಲ್ಲ. ಗಲಾಟೆಯೆಲ್ಲ ನಿಂತುಹೋಯಿತು. ಎದುರಿನ ಮೆಟ್ಟಿಲುಗಳ ಜನ ದೀಪದ ಬೆಳಕಿನಲ್ಲಿ ಚುಕ್ಕಿಗಳ ಹಾಗೆ ಕಾಣುತ್ತಿದ್ದರು. ಅಲ್ಲೂ ಒಬ್ಬ ಅಜ್ಜಿ ಕಂಬಳಿ ಹೊದ್ದು ಕೂತಿರಬಹುದು, ಅವಳೂ ಬೆಳಿಗ್ಗೆ ಯಾರ ಮುಂದೆಯೋ ನಿಂತು ಏನೋ ಕೇಳಿಕೊಂಡಿರಬಹುದು ಅನ್ನಿಸಿತು. ಅವಳು ಕೇಳಿದ್ದನ್ನು ನಾನು ಕೇಳಿದ್ದು ಮೆಟ್ಟಿ ನಿಂತಿತೇ? ಈ ಸಲ ಮೆಲ್ಲಗೆ ಕೇಳಲಿಲ್ಲ. "ಏಳಪ್ಪಾ, ಏಳು!" ಎಂದು ಕನ್ನಡದಲ್ಲೇ ಕೂಗಿದೆ. ಪಕ್ಕದವರು ತಿರುಗಿ ನೋಡಿದರು.

ಸುಹಾಸ ಬಗ್ಗಿ ಕೈ ಕೊಟ್ಟ. ಹುಡುಗ ಅದನ್ನು ಹಿಡಿದು ಎದ್ದು, ಕುಂಟುತ್ತ ತನ್ನವರ ಕಡೆಗೆ ನಡೆದ.

ಚೆಂಡು ಯಾವ ಕಡೆಗೆ ಹೋಗಬೇಕೆಂದು ನಾನೀಗ ಹೇಳುವುದಿಲ್ಲ. ಬಿದ್ದವರು ಏಳಲಿ ಎನ್ನುತ್ತೇನೆ, ಅಷ್ಟೆ. ಹೆದರಿಕೆ ಮಾತ್ರ ಕಡಿಮೆಯಾಗಿಲ್ಲ, ಇನ್ನೊಂದು ಮನೆಯ ಹುಡುಗನ ಪಾಲೂ ಸೇರಿ ಹೆಚ್ಚೇ ಆಗಿದೆ. ಉದ್ದು ನೆನೆಸಿಟ್ಟಿದ್ದೇನೆ. ಎರಡು ಹಾರಕ್ಕಾಗುತ್ತದೆ.