ಅಮ್ಮನ ಒಬ್ಬಳೇ ಗೆಳತಿ

ದೊಡ್ಡಮ್ಮನ ಬೆರಳ ತುದಿಗಳು ಯಾವಾಗಲೂ ಬಿಳಿಚಿಕೊಂಡು ಸುಕ್ಕುಗಟ್ಟಿರುತ್ತಿದ್ದವು. ದಿನವೂ ಬಿಸಿನೀರಿನಲ್ಲಿ ಕೈಯಿಟ್ಟು ರೇಷ್ಮೆಗೂಡಿನಿಂದ ಎಳೆ ತೆಗೆಯುವ ಕೆಲಸ. ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಅಂಥ ಕೈಗಳು ಬೇಕಾದಷ್ಟಿದ್ದವು. ಆದರೆ ತನ್ನದೇ ಶೆಡ್ಡಿನಲ್ಲಿ ಕೂಲಿಯವರ ಪಕ್ಕ ಕೂತು ಎಳೆ ತೆಗೆಯುತ್ತಿದ್ದ ಯಜಮಾನಿ ಆಕೆಯೊಬ್ಬಳೇ. ಆ ಒದ್ದೆ ಬೆರಳುಗಳಿಂದಲೇ ನನ್ನ ಗಲ್ಲ ಹಿಡಿದು ತಲೆ ಬಾಚುತ್ತಿದ್ದಳು. ಮೈಯೆಲ್ಲ ಬೆಂದ ಹುಳುವಿನ ವಾಸನೆ. ಅದು ಕೆಟ್ಟ ವಾಸನೆ ಎಂದು ನನಗೆ ಗೊತ್ತಾದದ್ದು ಆ ಊರು ಬಿಟ್ಟ ಮೇಲೆ.

ಅವಳು ನಮಗೆ ಸಂಬಂಧಿಯಲ್ಲ, ಮನೆ ಮಾಲೀಕರ ಹೆಂಡತಿ. ನಾನು ದೊಡ್ಡಮ್ಮ ಎನ್ನುತ್ತಿದ್ದೆ, ಅಮ್ಮ ಅಕ್ಕ ಎನ್ನುತ್ತಿದ್ದಳು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಐದು ವರ್ಷದ ನನ್ನನ್ನು ಕಟ್ಟಿಕೊಂಡು ಕೈವಾರದ ಪಕ್ಕದ ಅಪ್ಪನ ಊರಿನಿಂದ ಇಲ್ಲಿಗೆ ಬಂದು, ಆ ಶೆಡ್ಡಿನ ಹಿಂದಿನ ಒಂದು ಕೋಣೆಯಲ್ಲಿ ಹೊಲಿಗೆ ಮೆಷಿನ್ ಹಾಕಿಕೊಂಡಿದ್ದಳು. ದೊಡ್ಡಮ್ಮ ರವಿಕೆ ಹೊಲಿಸಲು ಬಂದವಳು ಮಧ್ಯಾಹ್ನವೆಲ್ಲ ಕೂತಳಂತೆ. ಮಾರನೆಯ ದಿನ ಹೊಲಿಸುವುದೇನೂ ಇಲ್ಲದೆಯೂ ಬಂದಳು. ಆಮೇಲೆ ದಿನವೂ.

ಅವಳ ಮನೆಯಲ್ಲಿ ಗಂಡನಾಗಲಿ, ಇಬ್ಬರು ಗಂಡುಮಕ್ಕಳಾಗಲಿ ಅವಳ ಜೊತೆ ನಾಲ್ಕು ಮಾತು ಆಡಿದ್ದನ್ನು ನಾನು ಕಂಡಿಲ್ಲ. ನಮ್ಮ ಹೊಸ್ತಿಲಲ್ಲಿ ಕೂತರೆ ಮಾತ್ರ ಬಾಯಿ ಬಿಚ್ಚುತ್ತಿದ್ದಳು, ಅರ್ಧ ತೆಲುಗು, ಅರ್ಧ ಕನ್ನಡ. ಗೂಡಿನ ಮಾರ್ಕೆಟ್ಟಿನ ದಲ್ಲಾಳಿಗಳು ಹೊಟ್ಟೆ ಮುಂದೆ ಹಾಕಿಕೊಂಡು ನಡೆಯುವುದನ್ನು ಎದ್ದು ನಡೆದು ತೋರಿಸುತ್ತಿದ್ದಳು. ಅಮ್ಮ ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ ನಗುತ್ತಿದ್ದಳು. ಹಾಲು ಉಕ್ಕಿದರೂ, ಗಂಡ ಬೈದರೂ ದೊಡ್ಡಮ್ಮನದು ಒಂದೇ ಮಾತು: “ಪೋನೀಲೇ.” ಹೋಗಲಿ ಬಿಡು. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಸಾರು ಮಾಡಿದರೆ ಅವಳ ಮಕ್ಕಳಿಗಿಂತ ಮುಂಚೆ ನನ್ನ ತಟ್ಟೆಗೆ ಬೀಳುತ್ತಿತ್ತು.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಚಿಂತಾಮಣಿಯ ಒಬ್ಬರು ಅಮ್ಮನನ್ನು ಮದುವೆಯಾಗುತ್ತೇನೆ ಎಂದರು. ಶಾಲೆಯೊಂದರಲ್ಲಿ ಗುಮಾಸ್ತರು, ಹೆಂಡತಿ ತೀರಿಕೊಂಡಿದ್ದರು, ಬಂದಾಗಲೆಲ್ಲ ನನಗೆ ಸೀಬೆಹಣ್ಣು ತರುತ್ತಿದ್ದರು. ಅಮ್ಮ ಒಂದು ಮಧ್ಯಾಹ್ನ ಮೆಷಿನ್ ನಿಲ್ಲಿಸಿ, ಕಾಜಾ ಹೊಲಿಯುತ್ತಿದ್ದ ನನ್ನೆದುರಿಗೇ ದೊಡ್ಡಮ್ಮನಿಗೆ ಹೇಳಿದಳು. “ರಿಜಿಸ್ಟರ್ ಮಾಡ್ಸಣ ಅಂತಿದ್ದಾರೆ ಅಕ್ಕ. ಆಮೇಲೆ ಚಿಂತಾಮಣಿಗೇ ಹೋಗ್ಬಿಡ್ತೀವಿ. ನಿನಗೊಬ್ಳಿಗೇ ಹೇಳ್ತಿರೋದು.”

ದೊಡ್ಡಮ್ಮ ಅಮ್ಮನ ತಲೆ ಸವರಿ, “ಒಳ್ಳೇದಾಗ್ಲಿ ಕಣೇ” ಎಂದಳು.

ಆ ವಾರ ಮುಗಿಯುವುದರೊಳಗೆ ಅಪ್ಪನ ತಮ್ಮಂದಿರು ಟೆಂಪೋ ಮಾಡಿಕೊಂಡು ಬಂದರು. ದೊಡ್ಡಮ್ಮ ತನ್ನ ಗಂಡನಿಗೆ ಹೇಳಿದ್ದಳು, ಗಂಡ ಅವರಿಗೆ ಹೇಳಿ ಕಳಿಸಿದ್ದ. ಬೀದಿಯ ಜನವೆಲ್ಲ ನಿಂತು ನೋಡಿತು. ಸುದ್ದಿ ಕೇಳಿ ಓಡಿಬಂದ ಆ ಗುಮಾಸ್ತರ ಕೆನ್ನೆಗೆ ಒಬ್ಬ ಚಿಕ್ಕಪ್ಪ ಹೊಡೆದ. ಇನ್ನೊಬ್ಬ ನನ್ನ ರಟ್ಟೆ ಹಿಡಿದು ಅಮ್ಮನಿಗೆ ಹೇಳಿದ: “ನೀನು ಯಾರ ಜೊತೆ ಬೇಕಾದ್ರೂ ಹೋಗು. ಮಗು ನಮ್ದು.”

ಅಮ್ಮ ನನ್ನ ಮುಖ ನೋಡಿದಳು. ಆಮೇಲೆ ಆ ಗುಮಾಸ್ತರ ಕಡೆ ತಿರುಗಿ ಕೈ ಮುಗಿದು, “ನೀವು ಹೊರಡಿ” ಎಂದಳು. ಅವರು ಹೋದ ಮೇಲೆ ಚಿಕ್ಕಪ್ಪ ನನ್ನ ರಟ್ಟೆ ಬಿಟ್ಟ. ದೊಡ್ಡಮ್ಮನ ಗಂಡ ಸಂಜೆಯೊಳಗೆ ಮನೆ ಖಾಲಿಯಾಗಬೇಕೆಂದ. ನಾವು ಮೆಷಿನ್ನನ್ನು ಕೈಗಾಡಿಗೆ ಏರಿಸುವಾಗ ದೊಡ್ಡಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಗೌರಿಬಿದನೂರಿಗೆ ಹೋಗಿ ಅಮ್ಮ ಮತ್ತೆ ಹೊಲಿದಳು, ನನ್ನನ್ನು ಓದಿಸಿದಳು. ಹೊಸ ಸ್ನೇಹ ಯಾವುದನ್ನೂ ಮಾಡಿಕೊಳ್ಳಲಿಲ್ಲ. ಕ್ಯಾನ್ಸರ್ ಬಂದು ಅವಳು ತೀರಿಕೊಂಡಾಗ ನನಗೆ ಕೆಲಸ ಸಿಕ್ಕಿ ಇನ್ನೂ ವರ್ಷವಾಗಿರಲಿಲ್ಲ. ಶಿಡ್ಲಘಟ್ಟ ಕೋಲಾರ ಬಿಟ್ಟು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ ಮರುವರ್ಷ ಅದು. ಅಮ್ಮ ಸತ್ತದ್ದನ್ನು ದೊಡ್ಡಮ್ಮನ ಮುಖಕ್ಕೇ ಹೇಳಬೇಕು, ಹೇಳಿ ಆ ಮುಖ ನೋಡಬೇಕು ಎಂದು ಬಸ್ಸು ಹತ್ತಿದೆ.

ಶೆಡ್ಡು ನಿಂತುಹೋಗಿತ್ತು. ಗಂಡ ಸತ್ತಿದ್ದ. ದೊಡ್ಡಮ್ಮ ಜಗುಲಿಯಲ್ಲಿ ಕೂತಿದ್ದಳು, ಅರ್ಧದಷ್ಟಾಗಿದ್ದಳು. ನನ್ನನ್ನು ಗುರುತಿಸಿದವಳೇ ನನ್ನ ಬೆನ್ನ ಹಿಂದೆ ಬೀದಿಯತ್ತ ನೋಡಿದಳು.

“ಒಬ್ಳೇ ಬಂದ್ಯೇನಮ್ಮ?”

“ಯಾಕೆ ಹೇಳ್ದೆ ದೊಡ್ಡಮ್ಮ?” ಎಂದೆ. ದಾರಿಯುದ್ದಕ್ಕೂ ಬೇರೆ ಏನೇನೋ ಕೂಡಿಹಾಕಿಕೊಂಡಿದ್ದೆ. ಬಾಯಿಂದ ಬಂದದ್ದು ಅದೊಂದೇ.

ಯಾವ ಮಾತು ಎಂದು ಅವಳು ಕೇಳಲಿಲ್ಲ. “ಚಿಂತಾಮಣಿಗೆ ಹೋಗ್ಬಿಡ್ತೀನಿ ಅಂದ್ಳಲ್ಲಮ್ಮ. ಆ ರಾತ್ರೀನೇ ನಮ್ಮನೆಯವ್ರಿಗೆ ಹೇಳ್ದೆ. ನಿಮ್ಮ ಚಿಕ್ಕಪ್ಪಂದ್ರು ಬಂದು ಒಂದ್ ಮಾತು ಗದರಿಸಿದ್ರೆ ಮದುವೆ ನಿಂತೋಗುತ್ತೆ, ಇಲ್ಲೇ ಇರ್ತಾಳೆ ಅಂದ್ಕೊಂಡೆ. ಮನೇನೇ ಬಿಡಿಸ್ತಾರೆ ಅಂತ ಅಂದ್ಕೊಂಡಿರ್ಲಿಲ್ಲ.”

“ಬಾಗಿಲಲ್ಲಿ ನಿಂತು ನೋಡ್ತಿದ್ದೆ ನೀನು.”

“ಹೂಂ. ನಿಂತಿದ್ದೆ.”

ಆಮೇಲೆ ಅವಳು ಹೇಳಿದ್ದು ನನಗೆ ಗೊತ್ತಿರಲಿಲ್ಲ. ನಾವು ಹೋದ ಮರುವರ್ಷ ಅವಳು ಗೌರಿಬಿದನೂರಿಗೆ ಬಂದಿದ್ದಳು, ವಿಚಾರಿಸಿಕೊಂಡು ಮನೆ ಹುಡುಕಿ. ನಾನು ಶಾಲೆಗೆ ಹೋಗಿದ್ದೆ. “ನಿಮ್ಮಮ್ಮ ಬಾಗ್ಲು ತೆಗೆದ್ಳು. ಚಾಪೆ ಹಾಕಿದ್ಳು, ನೀರು ಕೊಟ್ಳು. ಹೋಗಿ ಮೆಷಿನ್ ಮುಂದೆ ಕೂತ್ಕೊಂಡ್ಳು. ಬಸ್ಸಿನ ಹೊತ್ತಾಗೋವರ್ಗೂ ಕೂತಿದ್ದೆ ಕಣಮ್ಮ, ಒಂದ್ ಸಲಾನೂ ತಿರುಗಿ ನೋಡ್ಲಿಲ್ಲ.” ನನ್ನ ಕೈ ಹಿಡಿದುಕೊಂಡಳು. “ಒಂದ್ಸಲ ಕರ್ಕೊಂಬಾ. ಬೈಯ್ಲಿ, ಪರ್ವಾಗಿಲ್ಲ.”

ಆಗ ಹೇಳಿದೆ, ಅಮ್ಮ ತೀರಿಕೊಂಡಳು ಎಂದು. ನಾನು ನೋಡಬೇಕೆಂದಿದ್ದ ಮುಖವನ್ನು ನನ್ನಿಂದ ನೋಡಲಾಗಲಿಲ್ಲ. ಅವಳು ಅಳಲಿಲ್ಲ. ನನ್ನ ಕೈ ಬಿಡದೆ ಕೇಳಿದಳು:

“ಅಲ್ಲಿ ನಗ್ತಿದ್ಳಾ? ಯಾವಾಗ್ಲಾದ್ರೂ?”

ಸುಳ್ಳು ಹೇಳಬಹುದಿತ್ತು. “ಇಲ್ಲ” ಎಂದೆ. ಊಟಕ್ಕೆ ಏಳು ಎಂದಳು. ಆಗಿದೆ ಎಂದು ಹೇಳಿ ಬಸ್‌ಸ್ಟ್ಯಾಂಡಿಗೆ ನಡೆದೆ.

ಇನ್ನು ಆ ಊರಿಗೆ ಕಾಲಿಡುವುದಿಲ್ಲ ಎಂದುಕೊಂಡಿದ್ದೆ. ಆದರೆ ಕೆಲವು ತಿಂಗಳ ಮೇಲೆ ಮತ್ತೆ ಹೋದೆ, ಆಮೇಲೂ ಹೋದೆ. ಅಮ್ಮನ ಬಗ್ಗೆ ಮಾತಾಡಲು ನನಗೆ ಬೇರೆ ಯಾರೂ ಇರಲಿಲ್ಲ. ನನಗೆ ಗೊತ್ತಿದ್ದದ್ದು ಮಾತು ಕಮ್ಮಿಯಾದ, ಬೆನ್ನು ಬಗ್ಗಿದ ಅಮ್ಮ. ದೊಡ್ಡಮ್ಮನ ಹತ್ತಿರ ಇನ್ನೊಬ್ಬ ಅಮ್ಮ ಇದ್ದಳು. ಮಾಲೀಕರಿಲ್ಲದ ಹೊತ್ತಿನಲ್ಲಿ ಅವರ ಲೂನಾ ಹತ್ತಿ, ಬ್ರೇಕು ಸಿಗದೆ ಸೀದಾ ಗೂಡಿನ ರಾಶಿಗೆ ನುಗ್ಗಿ, ಬಿದ್ದಲ್ಲೇ ಮಲಗಿ ಹೊಟ್ಟೆ ಹಿಡಿದುಕೊಂಡು ನಕ್ಕವಳು. ಇದನ್ನು ಹೇಳುವಾಗ ದೊಡ್ಡಮ್ಮ ನಗಲು ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದಳು. ಕ್ಷಮಿಸು ಎಂದು ಅವಳು ಕೇಳಲಿಲ್ಲ, ಕ್ಷಮಿಸಿದೆ ಎಂದು ನಾನೂ ಹೇಳಲಿಲ್ಲ. ಆ ಮನೆಯಲ್ಲಿ ಕೊನೆಯವರೆಗೂ ನಾನು ಊಟ ಮಾಡಲಿಲ್ಲ.

ಅವಳು ಸತ್ತ ಸುದ್ದಿ ಎಲ್ಲ ಮುಗಿದ ಮೇಲೆ ಬಂತು. ಹಿರಿಯ ಮಗ ಫೋನ್ ಮಾಡಿ, “ಅಮ್ಮ ನಿಮ್ಮನ್ನ ಕೇಳ್ತಿದ್ರು” ಎಂದ. ನನ್ನನ್ನೋ, ನನ್ನ ಅಮ್ಮನನ್ನೋ, ನಾನು ಕೇಳಲಿಲ್ಲ.

ಮೊನ್ನೆ ನನ್ನ ಮಗಳಿಗೆ ಲೂನಾದ ಕಥೆ ಹೇಳಿದೆ. ಅವಳು ನಕ್ಕು ನಕ್ಕು ಸುಸ್ತಾಗಿ, “ಅವತ್ತು ಅಜ್ಜಿ ಯಾವ ಬಣ್ಣದ ಸೀರೆ ಉಟ್ಟಿದ್ರು?” ಎಂದಳು. ದೊಡ್ಡಮ್ಮನನ್ನು ಕೇಳಿ ಹೇಳುತ್ತೇನೆ ಎನ್ನಲು ಬಾಯಿ ತೆರೆದಿದ್ದೆ.