ಒಂದು ಗೆರೆಯ ಗೆಳೆಯ

ನನ್ನನ್ನು ಈ ಲೋಕದಲ್ಲಿ ಅತಿ ಹೆಚ್ಚು ಹಚ್ಚಿಕೊಂಡವರು ಯಾರು ಎಂಬುದು ನನಗೆ ತಿಳಿದದ್ದು ನಲವತ್ತೆಂಟನೇ ವಯಸ್ಸಿನಲ್ಲಿ, ಶಹಾಬಾದಿನ ಒಂದು ನೆಟ್ ಸೆಂಟರಿನಲ್ಲಿ. ಅಲ್ಲಿಯವರೆಗೆ ಹೆಂಡತಿ ಇರಬಹುದೆಂದು ಸುಮ್ಮನೆ ನಂಬಿಕೊಂಡಿದ್ದೆ.

ಆಗ ಹೊಸದಾಗಿ ಬಂದಿದ್ದ ಆ ಗೆಳೆತನದ ಜಾಲತಾಣದಲ್ಲಿ ಪ್ರತಿಯೊಬ್ಬ ಗೆಳೆಯನ ಹೆಸರಿನ ಪಕ್ಕ ಐದು ಗೆರೆಗಳಿರುತ್ತಿದ್ದವು, ಮೊಬೈಲಿನ ಸಿಗ್ನಲ್ಲಿನ ಹಾಗೆ. ಪರಸ್ಪರ ಬರೆದುಕೊಂಡಷ್ಟೂ ಗೆರೆಗಳು ಹಸಿರಾಗುತ್ತಿದ್ದವು. ಚಿಂಚೋಳಿಯ ಒಬ್ಬ ವಿಮಾ ಏಜೆಂಟರಿಗೂ ನನಗೂ ಐದೂ ಗೆರೆ. ಅವರ ಮುಖ ಕಂಡವನಲ್ಲ. ದಿನಾ ಒಂದು ಗುಲಾಬಿಯ ಚಿತ್ರ ಕಳಿಸುತ್ತಿದ್ದರು, ನಾನೂ ಸಂಕೋಚಕ್ಕೆ ಒಂದನ್ನು ವಾಪಸು ಕಳಿಸುತ್ತಿದ್ದೆ. ಶಿವಶರಣನಿಗೆ ಮಾತ್ರ ಒಂದೇ ಗೆರೆ.

ಶಿವಶರಣ ಸೇಡಮಿನವನು. ಚಿತ್ತಾಪುರದ ಶಾಲೆಯಲ್ಲಿ ಹನ್ನೊಂದು ವರ್ಷ ಇಬ್ಬರೂ ಒಟ್ಟಿಗೆ ಮಾಸ್ತರಿಕೆ ಮಾಡಿದವರು. ವರ್ಗವಾಗಿ ಬೇರೆಯಾದ ಮೇಲೂ ರವಿವಾರ ಬಂತೆಂದರೆ ಅವನು ಪ್ಯಾಸೆಂಜರ್ ಹಿಡಿದು ನನ್ನಲ್ಲಿಗೆ ಬರಬೇಕು, ಇಲ್ಲವೇ ನಾನು ವಾಡಿಯಲ್ಲಿ ಗಾಡಿ ಬದಲಿಸಿ ಅವನಲ್ಲಿಗೆ ಹೋಗಬೇಕು. ಎದುರಿಗೇ ಸಿಗುವವನಿಗೆ ಬರೆಯುವುದೇನು? ಏಳು ಹೆಜ್ಜೆ ಜೊತೆಗೆ ನಡೆದರೆ ಸ್ನೇಹವಾದಂತೆ ಎಂದು ಹಿಂದಿನ ಪಂಡಿತರು ಲೆಕ್ಕ ಹಾಕಿದ್ದರಂತೆ. ಸೇಡಂ ಸ್ಟೇಷನ್ನಿನಿಂದ ಅವನ ಮನೆಗೆ ಎಷ್ಟು ಹೆಜ್ಜೆಯೆಂದು ನಾವು ಎಣಿಸಿರಲಿಲ್ಲ. ಅವನ ತಾಯಿಯೂ ನನ್ನ ತಾಟಿಗೆ ಹಾಕಿದ ರೊಟ್ಟಿ ಎಣಿಸುತ್ತಿರಲಿಲ್ಲ. "ತಿನ್ನೋ ತಮ್ಮಾ, ಗಾಡಿಗಿ ಇನ್ನಾ ಭಾಳ ಹೊತ್ತದ" ಎನ್ನುತ್ತಿದ್ದರು.

ಆ ತಾಯಿ ಒಂದು ಮಂಗಳವಾರ ತೀರಿಕೊಂಡರು. ನನಗೆ ಗೊತ್ತಾದದ್ದು ರವಿವಾರ, ಎಂದಿನಂತೆ ಅವರ ಮನೆಯ ಹೊಸ್ತಿಲು ದಾಟಿದಾಗ. ನಮ್ಮ ಕಡೆ ಮದುವೆಗೆ ತಪ್ಪಿಸಿಕೊಂಡವನಿಗೆ ಮಾಫಿ ಉಂಟು, ಮಣ್ಣಿಗೆ ಹೋಗದವನಿಗೆ ಇಲ್ಲ. ಸೇಡಮಿನ ಹತ್ತಿರದ ಆಡಕಿಯ ತಮ್ಮ ಹೊಲದಲ್ಲಿ ಅವರನ್ನು ಹೂಳುವಾಗ ಅವರ ಮೇಲೆ ಒಂದು ಹಿಡಿ ಮಣ್ಣು ಹಾಕಬೇಕಾಗಿದ್ದ ನಾನು ಆ ದಿನ ಶಹಾಬಾದಿನಲ್ಲಿ ಹುಡುಗರಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದೆ.

ಸುದ್ದಿ ಮುಟ್ಟಿಸುವ ಕೆಲಸವನ್ನು ಶಿವಶರಣನ ಹೊಸ ಅಳಿಯ ವಹಿಸಿಕೊಂಡಿದ್ದ. ಬೀದರ ಕಡೆಯವನು, ಮಾವನ ಗೆಳೆಯರು ಯಾರೆಂದು ಅರಿಯ. ಅಳುತ್ತ ಕೂತ ಮಾವನನ್ನು ಕೇಳಲಾರದೆ ಕಂಪ್ಯೂಟರಿನಲ್ಲಿ ಅವನ ಪುಟ ತೆರೆದು, ಮೂರು ಗೆರೆ ದಾಟಿದವರಿಗೆಲ್ಲ ಫೋನ್ ಮಾಡಿದ್ದ. ಶಿವಶರಣನ ಮುಖವನ್ನೇ ನೋಡದ ಇಬ್ಬರು ಗುಂಡಗುರ್ತಿಯಿಂದ ಬಂದು ಮಣ್ಣು ಹಾಕಿ ಹೋಗಿದ್ದರಂತೆ.

"ನಿಮ್ಮ ಹೆಸರಿನ ಮುಂದ ಒಂದೇ ಗೆರಿ ಇತ್ರಿ ಸರ್. ಬರೇ ಪರಿಚಯದವರು ಇರಬೇಕು ಅನ್ಕೊಂಡೆ" ಎಂದು ಅಳಿಯ ತಲೆ ತಗ್ಗಿಸಿದ.

ಶಿವಶರಣ ಅವನನ್ನು ಬೈಯಲಿಲ್ಲ. ನನ್ನನ್ನೂ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ನಿಂದೇನು ತಪ್ಪಿಲ್ಲ ಬಿಡು" ಎಂದ. ಆಮೇಲೆ, "ಮಂದಿ ಗಡಬಡ ಮಾಡಾಕತ್ತಿದ್ರು. ನೀ ಬಂದೇ ಬರ್ತಿ ಅಂತ ಅವ್ವನ್ನ ಎರಡು ತಾಸು ಬಿಸಿಲಾಗ ಇಟ್ಟಿದ್ದೆ" ಎಂದ.



ಮುಂದಿನ ರವಿವಾರ ಅವನು ಬರಲಿಲ್ಲ. ಅದರ ಮುಂದಿನ ರವಿವಾರ ನಾನು ವಾಡಿಯ ತನಕ ಹೋಗಿ, ಸೇಡಮಿನ ಗಾಡಿ ಹತ್ತುವ ಧೈರ್ಯವಾಗದೆ ಹಿಂದಿರುಗಿದೆ. ಸುಮ್ಮನಿರಲೂ ಆಗದೆ ಆ ತಾಣದಲ್ಲಿ 'ಆರಾಮ ಇದ್ದಿ?' ಎಂದು ಬರೆದೆ. 'ಆರಾಮ' ಎಂದು ಅವನು ಬರೆದ. ಮರುದಿನವೂ ಅದೇ ಪ್ರಶ್ನೆ, ಅದೇ ಉತ್ತರ. ನಾವು ಮತ್ತೆ ಭೇಟಿಯಾಗಲಿಲ್ಲ. ಮೂರು ತಿಂಗಳಾಗುವಷ್ಟರಲ್ಲಿ ನಮ್ಮಿಬ್ಬರ ನಡುವೆ ಐದೂ ಗೆರೆ ಹಸಿರಾದವು.